ಇಪ್ಪತ್ನಾಲ್ಕು ಇಂಚು

ಜುಲೈ 7, ಸೋಮವಾರ

ವೈದ್ಯೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಎಂದರು. ಬರುವ ದಾರಿಯಲ್ಲೇ ಕೊಂಡೆ. "ಗಾಲ್ಫ್ ಗೊತ್ತಿಲ್ಲದವರಿಗೆ ಹೇಳೋ ಹಾಗೆ ಬರೀರಿ. ನನಗೂ ಗೊತ್ತಿಲ್ಲ," ಎಂದು ನಕ್ಕರು. ಭಯ ಕಾಗದದ ಮೇಲೆ ಇಳಿದರೆ ಕೈಯಿಂದ ಇಳಿಯುತ್ತದೆಯಂತೆ. ನೋಡೋಣ.

ನಡೆದದ್ದು ಇಷ್ಟು. ಕಳೆದ ಶುಕ್ರವಾರ ಕೊನೆಯ ಕುಳಿಯಿಂದ ನನ್ನ ಚೆಂಡು ಎರಡು ಅಡಿ ದೂರದಲ್ಲಿ ನಿಂತಿತ್ತು. ಎರಡು ಅಡಿ ಎಂದರೆ ಇಪ್ಪತ್ನಾಲ್ಕು ಇಂಚು, ನಮ್ಮ ಅಡುಗೆಮನೆಯ ಕಟ್ಟೆಯಷ್ಟು ಅಗಲ. ಹದಿನಾಲ್ಕು ವರ್ಷದಿಂದ ಇದೇ ನನ್ನ ಉದ್ಯೋಗ. ಅಷ್ಟು ದೂರದಿಂದ ಚೆಂಡನ್ನು ಉರುಳಿಸಿ ಕುಳಿಗೆ ಹಾಕುವುದು ಬಾಗಿಲಿಗೆ ಚಿಲಕ ಹಾಕಿದಷ್ಟು ಸುಲಭ. ಕೋಲು ಚೆಂಡಿಗೆ ತಾಗುವ ಗಳಿಗೆಯಲ್ಲಿ ಬಲಗೈ ಮಣಿಕಟ್ಟು ತಾನಾಗಿ ಎಗರಿತು. ಚೆಂಡು ಕುಳಿ ದಾಟಿ ಐದು ಅಡಿ ಆಚೆ ಹೋಯಿತು. ಅಲ್ಲಿಂದ ಹೊಡೆದದ್ದೂ ತಪ್ಪಿತು.

ಎರಡು ದಿನದ ಆಟ ಮುಗಿದ ಮೇಲೆ ಅರ್ಧದಷ್ಟು ಆಟಗಾರರನ್ನು ಮನೆಗೆ ಕಳುಹಿಸುತ್ತಾರೆ. ಆ ಅರ್ಧದಲ್ಲಿ ನಾನಿದ್ದೆ.

ಈಗ ಪಟ್ಟಿಯಲ್ಲಿ ನನ್ನ ಸ್ಥಾನ ಎಪ್ಪತ್ತೊಂದು. ಅಕ್ಟೋಬರ್‌ನಲ್ಲಿ ಮೊದಲ ಅರವತ್ತರೊಳಗೆ ಇದ್ದವರಿಗೆ ಮಾತ್ರ ಮುಂದಿನ ವರ್ಷ ಆಡಲು ಕಾರ್ಡ್ ಸಿಗುತ್ತದೆ. ಉಳಿದವರು ಇಪ್ಪತ್ತರ ಹುಡುಗರ ಜೊತೆ ನಿಂತು ಮೊದಲಿನಿಂದ ಅರ್ಹತೆ ಗಳಿಸಬೇಕು. ನನಗೆ ಮೂವತ್ತೊಂಬತ್ತು. ಬೇರೆ ಕೆಲಸ ಗೊತ್ತಿಲ್ಲ.

ಜುಲೈ 9, ಬುಧವಾರ

ಅಕ್ಕ ಬಂದಿದ್ದಳು. ಹನ್ನೊಂದು ವರ್ಷದಿಂದ ನನ್ನ ಚೀಲ ಹೊರುವವಳು ಅವಳೇ. ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದವಳು ಕೆಲಸ ಬಿಟ್ಟು ನನ್ನ ಕ್ಯಾಡಿಯಾದಳು. ಯಾರಾದರೂ ಕೇಳಿದರೆ, "ಆಗ ನಲವತ್ತು ಮಕ್ಕಳನ್ನ ಓಡಿಸ್ತಿದ್ದೆ, ಈಗ ಒಬ್ಬನ್ನ ನಡೆಸ್ತೀನಿ. ಇದೇ ಕಷ್ಟ," ಎನ್ನುತ್ತಾಳೆ.

ಹಾಲ್‌ನ ಕಾರ್ಪೆಟ್ಟಿನ ಮೇಲೆ ಸ್ಟೀಲ್ ಲೋಟ ಅಡ್ಡ ಮಲಗಿಸಿ ಅಭ್ಯಾಸ ಮಾಡುತ್ತಿದ್ದೆ. ಐವತ್ತಕ್ಕೆ ಐವತ್ತೂ ಒಳಗೆ ಹೋದವು.

"ಲೋ, ಇಲ್ಲಿ ಸರಿಯಾಗೇ ಇದೆಯಲ್ಲೋ ಕೈ?"

"ಇಲ್ಲಿ ಯಾರೂ ನೋಡ್ತಿಲ್ಲ."

"ನಾನು ನೋಡ್ತಿಲ್ವಾ? ನಾನೇನು ಬಾಗಿಲ ಪರದೇನಾ?"

ನಗು ಬಂತು. ತುಂಬಾ ದಿನವಾಗಿತ್ತು ನಕ್ಕು.

ಜುಲೈ 17, ಗುರುವಾರ

ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ ಗ್ರೀನ್ ಎನ್ನುತ್ತಾರೆ. ಮೊದಲು ನನಗೆ ಅಲ್ಲಿಗೆ ಬಂದರೆ ಮನೆಯ ಅಂಗಳಕ್ಕೆ ಬಂದ ಹಾಗೆ ಇರುತ್ತಿತ್ತು. ಇವತ್ತು ಗ್ರೀನ್ ಮೇಲೆ ಕಾಲಿಡುವಾಗೆಲ್ಲ ಬಾಯಿ ಒಣಗಿತು. ನಾಲ್ಕು ಅಡಿಯೊಳಗಿನ ಹೊಡೆತ ಹನ್ನೊಂದು. ತಪ್ಪಿದ್ದು ಐದು.

ಅಕ್ಕ ಹೊರಡುವಾಗ ನನ್ನ ತಲೆ ಸವರಿದಳು. ಅದೇ ಹೆಚ್ಚು ಹೆದರಿಸಿತು.

ಜುಲೈ 18, ಶುಕ್ರವಾರ

ಹತ್ತರಲ್ಲಿ ತಪ್ಪಿದ್ದು ಒಂದೇ.

ವೈದ್ಯೆಗೆ ಅರ್ಥವಾಗುವ ಹಾಗೆ ಬರೆಯಬೇಕಲ್ಲ. ಗ್ರೀನ್ ಮೇಲೆ ನಮ್ಮ ಚೆಂಡು ಇನ್ನೊಬ್ಬರ ದಾರಿಗೆ ಅಡ್ಡವಿದ್ದರೆ, ಅಥವಾ ಕೊಳೆಯಾಗಿದ್ದರೆ, ಅದರ ಹಿಂದೆ ಒಂದು ನಾಣ್ಯವಿಟ್ಟು ಚೆಂಡು ಎತ್ತಿಕೊಳ್ಳಬಹುದು. ನಮ್ಮ ಸರದಿ ಬಂದಾಗ ನಾಣ್ಯದ ಮುಂದೆ, ಎಲ್ಲಿತ್ತೋ ಅಲ್ಲೇ ಇಟ್ಟು, ನಾಣ್ಯ ತೆಗೆಯಬೇಕು. ನಾನು ನಾಣ್ಯದ ಬದಲು ಅಪ್ಪನ ಕೋಟಿನ ಹಿತ್ತಾಳೆ ಗುಂಡಿ ಇಡುತ್ತೇನೆ. ಅಪ್ಪ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಗುಂಡಿ ಅವರ ಸಮವಸ್ತ್ರದ್ದು, ಸವೆದು ನುಣ್ಣಗಾಗಿದೆ.

ಒಂಬತ್ತನೆಯ ಕುಳಿಯಲ್ಲಿ ಗುಂಡಿ ಇಡುವಾಗ ಕೈ ನಡುಗಿತು. ಅದು ಚೆಂಡಿನ ಅಡಿಗೆ ಸ್ವಲ್ಪ ಜಾರಿತು ಅನಿಸುತ್ತದೆ. ವಾಪಸ್ ಇಡುವಾಗ ಚೆಂಡು ಒಂದು ಬೆರಳಿನಷ್ಟು ಮುಂದೆ ಬಂದ ಹಾಗಿತ್ತು. ಖಚಿತವಿಲ್ಲ. ಕೈ ಎಗರಲಿಲ್ಲ. ಒಳಗೆ ಹೋಯಿತು.

ಶನಿವಾರ, ಭಾನುವಾರ ಆಡಲು ಉಳಿದೆ. ಅಕ್ಕ ಬೆನ್ನಿಗೆ ಎಂಥ ಹೊಡೆತ ಕೊಟ್ಟಳೆಂದರೆ ಇನ್ನೂ ಉರಿಯುತ್ತಿದೆ.

ಆಗಸ್ಟ್ 3, ಭಾನುವಾರ

ಸ್ಥಾನ ಅರವತ್ತಾರು. ಈ ವಾರ ನಾಲ್ಕು ದಿನದಲ್ಲಿ ನಲವತ್ತೊಂದು ಸಣ್ಣ ಹೊಡೆತ, ತಪ್ಪಿದ್ದು ಮೂರು.

ಗುಂಡಿ ಇಡುವ ಒಂದು ಕ್ರಮ ಮಾಡಿಕೊಂಡಿದ್ದೇನೆ. ಮಂಡಿಯೂರಿ ಕೂರುವುದು, ಇಡುವುದು, ಎತ್ತುವುದು, ಒರೆಸುವುದು, ಉಸಿರು ಬಿಡುವುದು, ವಾಪಸ್ ಇಡುವುದು. ಕ್ರಮವಿದ್ದರೆ ಕೈ ಶಾಂತವಾಗಿರುತ್ತದೆ. ವೈದ್ಯೆಯೂ ಅದನ್ನೇ ಹೇಳಿದ್ದರು. ಹತ್ತು ಇಂಚು ದೂರದ ಚೆಂಡನ್ನೂ ಈಗ ಎತ್ತಿ ಇಡುತ್ತೇನೆ.

ಹೆಂಡತಿ ಫೋನಿನಲ್ಲಿ, "ರೀ, ನಿಮ್ಮ ದನೀಲಿ ನೀರು ಬಂದಿದೆ," ಎಂದಳು. ಒಣಗಿ ಹೋಗಿತ್ತಂತೆ ಇಷ್ಟು ದಿನ.

ಆಗಸ್ಟ್ 21, ಗುರುವಾರ

ಇವತ್ತು ನನ್ನ ಜೊತೆ ಆಡಿದವನು ಮೌನಿ. ಆ ಹೆಸರು ನಾವೆಲ್ಲ ಇಟ್ಟದ್ದು. ಹದಿನೆಂಟು ಕುಳಿ ಮುಗಿಯುವುದರೊಳಗೆ ಹತ್ತು ಮಾತಾಡಿದರೆ ಹೆಚ್ಚು. ಅವನೂ ಅರವತ್ತರ ಆಸುಪಾಸಿನಲ್ಲೇ ಇದ್ದಾನೆ. ನಿಯಮದ ಪ್ರಕಾರ ನನ್ನ ಅಂಕ ಅವನು ಬರೆಯಬೇಕು, ಅವನದ್ದು ನಾನು. ಕೊನೆಗೆ ಇಬ್ಬರೂ ರುಜು ಹಾಕಬೇಕು. ಈ ಆಟದಲ್ಲಿ ಪ್ರತಿ ಗ್ರೀನ್ ಪಕ್ಕದಲ್ಲೂ ನಿಂತು ಕಾಯುವ ತೀರ್ಪುಗಾರರಿಲ್ಲ. ನಮ್ಮನ್ನು ನಾವೇ ನೋಡಿಕೊಳ್ಳಬೇಕು.

ಹನ್ನೆರಡನೆಯ ಕುಳಿಯಲ್ಲಿ ಚೆಂಡನ್ನು ಎರಡು ಸಲ ಎತ್ತಿ ಒರೆಸಿದೆ. ಮಣ್ಣಿತ್ತು. ಮುಂದಿನ ಕುಳಿಗೆ ನಡೆಯುವಾಗ ಮೌನಿ ಪಕ್ಕಕ್ಕೆ ಬಂದ.

"ಚೆಂಡು ಬಹಳ ಒರೆಸ್ತೀರಿ."

ಅಷ್ಟೇ ಅಂದದ್ದು. ನಗುತ್ತಲೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಮಣ್ಣಿತ್ತು," ಎಂದೆ. ತಲೆಯಾಡಿಸಿದ.

ಮಣ್ಣು ಇತ್ತು. ಮೊದಲ ಸಲ ಇತ್ತು.

ಆಗಸ್ಟ್ 23, ಶನಿವಾರ

ಆಗಬಾರದ್ದು ಆಗಿದೆ. ಮೂರು ದಿನ ಚೆನ್ನಾಗಿ ಆಡಿ ನಾಲ್ಕನೆಯ ಸ್ಥಾನದಲ್ಲಿದ್ದೇನೆ. ನಾಳೆ ಕೊನೆಯಿಂದ ಎರಡನೆಯ ಜೋಡಿಯಲ್ಲಿ ಆಟ.

ಮುಂದಿರುವವರು ಕೊನೆಗೆ ಆಡುತ್ತಾರೆ, ಹಾಗಾಗಿ ಕೊನೆಯ ಜೋಡಿಗಳ ಹಿಂದೆ ಟಿವಿ ಕ್ಯಾಮೆರಾ ಬರುತ್ತದೆ. ಗ್ರೀನ್ ಪಕ್ಕದಲ್ಲಿ ಒಂದು, ಮರದ ಅಟ್ಟಣೆಯ ಮೇಲೆ ಒಂದು, ಹೆಗಲ ಮೇಲೆ ಹೊತ್ತವನೊಬ್ಬ. ಹುಲ್ಲಿನ ಒಂದೊಂದು ಗರಿಯೂ ಕಾಣುವಷ್ಟು ಹತ್ತಿರದಿಂದ ತೋರಿಸುತ್ತಾರೆ. ಆಮೇಲೆ ನಿಧಾನ ಮಾಡಿ ಮತ್ತೊಮ್ಮೆ ತೋರಿಸುತ್ತಾರೆ.

ಅಕ್ಕ ಹೋಟೆಲಿನ ಮೆಟ್ಟಿಲ ಮೇಲೆ ಕೂತು ನನ್ನ ಶೂ ಒರೆಸುತ್ತಿದ್ದಳು. "ನಾಳೆ ಟಿವೀಲಿ ಬರ್ತೀನಿ ಅಂತ ಹೊಸ ಟೋಪಿ ತಗೊಂಡೆ ಕಣೋ. ಮುಖ ಕಾಣಲ್ಲ, ಟೋಪಿನಾದ್ರೂ ಕಾಣ್ಲಿ."

ಆಗಸ್ಟ್ 24, ಭಾನುವಾರ

ಎರಡನೆಯ ಕುಳಿಯಲ್ಲಿ ಚೆಂಡು ಕೆರೆಗೆ ಬಿತ್ತು. ನಾಲ್ಕನೆಯದರಲ್ಲಿ ಮತ್ತೊಂದು. ಐದನೆಯ ಕುಳಿ ಮುಗಿಯುವ ಹೊತ್ತಿಗೆ ಕ್ಯಾಮೆರಾ ಹೊತ್ತವನು ನಮ್ಮನ್ನು ಬಿಟ್ಟು ಹಿಂದಿನ ಜೋಡಿಯ ಕಡೆಗೆ ಹೋದ. ಅವನ ಬೆನ್ನು ನೋಡುತ್ತ ಉಸಿರು ಬಿಟ್ಟೆ.

ಮೂವತ್ತೆರಡನೆಯವನಾಗಿ ಮುಗಿಸಿದೆ. ಪಟ್ಟಿಯಲ್ಲಿ ಅರವತ್ತಮೂರು.

"ಎಡಕ್ಕೆ ನೀರಿದೆ ಅಂತ ನಾನು ಹೇಳಿದ್ನಾ ಇಲ್ವಾ?" ಎಂದಳು ಅಕ್ಕ.

"ಹೇಳಿದ್ದೆ."

"ಎರಡ್ಸಲಾನೂ ಎಡಕ್ಕೇ ಹೊಡೆದೆ. ಹೆದರಿದವನ ಚೆಂಡು ನೀರಿನಿಂದ ದೂರ ಹೋಗುತ್ತೆ ಕಣೋ. ಹನ್ನೊಂದು ವರ್ಷ ನೋಡಿದೀನಿ."

ಅವಳು ಹೊಸ ಟೋಪಿ ತೆಗೆದು ಚೀಲದೊಳಗೆ ತುರುಕಿದಳು.

ಸೆಪ್ಟೆಂಬರ್ 9, ಮಂಗಳವಾರ

ವೈದ್ಯೆಗೆ ಅಂಕಿಗಳನ್ನು ಓದಿ ಹೇಳಿದೆ. ಜುಲೈನಲ್ಲಿ ಹನ್ನೊಂದಕ್ಕೆ ಐದು ತಪ್ಪು. ಈಗ ಹತ್ತು ದಿನದಿಂದ ಒಂದೂ ಇಲ್ಲ. ಅವರಿಗೆ ಬಹಳ ಸಂತೋಷವಾಯಿತು. ಇನ್ನು ಬರಬೇಕಾಗಿಲ್ಲ ಎಂದರು.

"ನೋಟ್‌ಬುಕ್ ತೋರಿಸ್ತೀರಾ? ಇಷ್ಟ ಇದ್ರೆ ಮಾತ್ರ."

ಮನೆಯಲ್ಲಿ ಮರೆತು ಬಂದೆ ಎಂದೆ. ಕೈಚೀಲದಲ್ಲೇ ಇತ್ತು.

ಸೆಪ್ಟೆಂಬರ್ 18, ಗುರುವಾರ

ಆಟ ಮುಗಿಸಿ ಕಾರಿನ ಹತ್ತಿರ ಹೋಗುತ್ತಿದ್ದೆ. ಮುಖ್ಯ ತೀರ್ಪುಗಾರರು ಹಿಂದಿನಿಂದ ಕೂಗಿದರು. ಬಿಳಿ ಮೀಸೆಯ ದೊಡ್ಡ ಮನುಷ್ಯ.

"ಒಂದ್ನಿಮಿಷ, ನಿಮ್ಮ ಹತ್ರ ಮಾತಾಡ್ಬೇಕಿತ್ತು."

ನಿಂತೆ. ಅವರು ನಿಧಾನವಾಗಿ ನಡೆದು ಬಂದರು. ಇಪ್ಪತ್ತು ಹೆಜ್ಜೆ ಇರಬಹುದು. ಅಷ್ಟರಲ್ಲಿ ಎಲ್ಲ ಕಂಡಿತು: ಸುದ್ದಿ, ಅದರ ಪಕ್ಕದಲ್ಲಿ ನನ್ನ ಫೋಟೋ, ಅದನ್ನು ಓದುತ್ತಿರುವ ಹೆಂಡತಿ, ಅಪ್ಪ ಹುಲ್ಲು ಕತ್ತರಿಸಿದ ಕ್ಲಬ್ಬಿನ ಗೇಟು.

"ಕಾರಿನ ಲೈಟ್ ಆಫ್ ಮಾಡಿಲ್ಲ ನೀವು. ಬೆಳಗ್ಗಿಂದ ಉರೀತಾ ಇದೆ. ಬ್ಯಾಟರಿ ಹೋಗುತ್ತೆ."

ಥ್ಯಾಂಕ್ಸ್ ಹೇಳಿದೆ. ಎರಡು ಸಲ ಹೇಳಿದೆ ಅನಿಸುತ್ತದೆ. ಆಮೇಲೆ ಕಾರಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಅಕ್ಕ ನೀರಿನ ಬಾಟಲಿ ಕೊಟ್ಟಳು. ಏನಾಯಿತೆಂದು ಕೇಳಲಿಲ್ಲ. ಈಚೆಗೆ ಅವಳು ಜೋಕ್ ಮಾಡುವುದು ಬಿಟ್ಟಿದ್ದಾಳೆ. ಮಂಡಿ ನೋವಿರಬೇಕು.

ಅಕ್ಟೋಬರ್ 11, ಶನಿವಾರ

ಕೊನೆಯ ಟೂರ್ನಿ. ಮೂರು ದಿನ ಮುಗಿದಿದೆ. ಇವತ್ತಿನ ಲೆಕ್ಕದಲ್ಲಿ ನಾನು ಐವತ್ತೊಂಬತ್ತು, ಮೌನಿ ಅರವತ್ತು. ನಾಳೆ ಇಬ್ಬರಿಗೂ ಒಂದೇ ಜೋಡಿ. ಒಬ್ಬರ ಅಂಕ ಒಬ್ಬರು ಬರೆಯಬೇಕು.

ಅಕ್ಟೋಬರ್ 12, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲ ಗ್ರೀನ್. ನಾನು ಮಂಡಿಯೂರುವ ಮೊದಲೇ ಅಕ್ಕ ಚೀಲ ಕೆಳಗಿಟ್ಟು ಬಂದಳು. ಕೈ ಚಾಚಿದಳು.

"ಗುಂಡಿ ಕೊಡು."

"ಯಾಕೆ?"

"ಇವತ್ತು ನಾನಿಡ್ತೀನಿ. ಕ್ಯಾಡಿ ಇಡಬಹುದು, ನಿಯಮ ಇದೆ. ಬೇಕಾದ್ರೆ ಮೀಸೆ ಮಾಮನ್ನ ಕರೆದು ಕೇಳ್ಲಾ?"

ಮೌನಿ ಆಚೆ ತಿರುಗಿ ತನ್ನ ಕೋಲಿನ ತುದಿ ನೋಡುತ್ತಿದ್ದ. ಕೊಟ್ಟೆ.

ಅವಳು ಕೆಟ್ಟ ಮಂಡಿಯನ್ನು ಹುಲ್ಲಿಗೆ ಊರಿ ಕೂತಳು. ಗುಂಡಿಯನ್ನು ಚೆಂಡಿನ ಹಿಂದೆ, ಅಪ್ಪ ತೋರಿಸಿದ ಹಾಗೆ, ತಾಗಿಯೂ ತಾಗದ ಹಾಗೆ ಇಟ್ಟಳು. ಎತ್ತಿದಳು, ಒರೆಸಿದಳು, ವಾಪಸ್ ಇಟ್ಟಳು. ಏಳುವಾಗ ನನ್ನ ಭುಜ ಹಿಡಿದಳು, ಆದರೆ ಮುಖ ನೋಡಲಿಲ್ಲ. ಹದಿನೇಳು ಗ್ರೀನ್‌ಗಳಲ್ಲೂ ಹೀಗೇ ಆಯಿತು.

ಕೈ ಮತ್ತೆ ಎಗರಿತು. ಜುಲೈನಲ್ಲಿ ಎಗರಿದ ಹಾಗೆಯೇ. ಮೂರು ತಪ್ಪಿದವು. ಹದಿನೇಳು ಮುಗಿದಾಗ ನಾನೂ ಮೌನಿಯೂ ಆ ದಿನದ ಅಂಕದಲ್ಲಿ ಎಲ್ಲಿದ್ದೆವೆಂದರೆ, ಕೊನೆಯ ಕುಳಿಯಲ್ಲಿ ಯಾರು ಒಂದು ಹೊಡೆತ ಹೆಚ್ಚು ತೆಗೆದುಕೊಳ್ಳುತ್ತಾರೋ ಅವರ ಕಾರ್ಡ್ ಹೋಗುತ್ತದೆ. ಅರವತ್ತರ ಆಸುಪಾಸಿನ ಉಳಿದವರೆಲ್ಲ ಮುಗಿಸಿಯಾಗಿತ್ತು, ಅವರಲ್ಲೊಬ್ಬ ಮೇಲೇರಿದ್ದ, ನಮ್ಮಿಬ್ಬರಿಗೆ ಉಳಿದದ್ದು ಅರವತ್ತನೆಯ ಸ್ಥಾನವೊಂದೇ. ಬೋರ್ಡ್ ಎದುರಿಗೇ ಇತ್ತು.

ಹದಿನೆಂಟರಲ್ಲಿ ನನ್ನ ಚೆಂಡು ಗ್ರೀನ್ ಪಕ್ಕದ ಮರಳು ಹಳ್ಳಕ್ಕೆ ಬಿತ್ತು. ಅಲ್ಲಿಂದ ಎತ್ತಿ ಹೊಡೆದೆ. ಕುಳಿಯಿಂದ ಮೂರೂವರೆ ಅಡಿ ದೂರ ಬಂದು ನಿಂತಿತು. ನಾವು ತುಳಿದ ಮರಳನ್ನು ಕುಂಟೆ ಎಳೆದು ಸಮ ಮಾಡದೆ ಬಿಡುವಂತಿಲ್ಲ, ಮತ್ತು ಅದು ಕ್ಯಾಡಿಯ ಕೆಲಸ. ಅಕ್ಕ ಹಳ್ಳದಲ್ಲಿ ಇಳಿದಿದ್ದಳು. ಮೌನಿಯ ಚೆಂಡು ಆಚೆ ಬದಿಯಲ್ಲಿತ್ತು, ನನ್ನದು ಅವನ ದಾರಿಗೆ ಅಡ್ಡ.

"ಸ್ವಲ್ಪ ಎತ್ಕೊಳ್ತೀರಾ?" ಎಂದ.

ಗುಂಡಿ ಅಕ್ಕನ ಜೇಬಿನಲ್ಲಿತ್ತು. ನನ್ನ ಜೇಬಿನಲ್ಲಿ ಒಂದು ನಾಣ್ಯ ಸಿಕ್ಕಿತು. ಇಟ್ಟೆ. ಚೆಂಡು ಎತ್ತಿದೆ. ಮೌನಿ ದೂರದಿಂದ ಎರಡು ಹೊಡೆತದಲ್ಲಿ ಮುಗಿಸಿದ, ಆ ಕುಳಿಗೆ ಒಟ್ಟು ನಾಲ್ಕು. ನನಗೂ ನಾಲ್ಕೇ ಆದರೆ ಪಟ್ಟಿಯಲ್ಲಿ ನಾನು ಮುಂದೆ. ಐದಾದರೆ ಅವನು. ಚೆಂಡು ಒರೆಸಿದೆ. ಇಟ್ಟೆ. ನಾಣ್ಯ ತೆಗೆದೆ. ಮರಳಿನಲ್ಲಿ ಕುಂಟೆ ಎಳೆಯುವ ಸದ್ದು ನಿಂತಿತ್ತು.

ಕೈ ಎಗರಲಿಲ್ಲ. ಒಳಗೆ ಹೋಯಿತು.

ಅಂಕ ಒಪ್ಪಿಸುವ ಟೆಂಟಿನಲ್ಲಿ ಮೌನಿ ನನ್ನ ಕಾರ್ಡಿನಲ್ಲಿ ಕೊನೆಯ ನಾಲ್ಕನ್ನು ಬರೆದ. ಅವನ ಅಂಕಿಗಳು ಶಾಲೆಯ ಕಾಪಿ ಪುಸ್ತಕದಲ್ಲಿದ್ದ ಹಾಗೆ ದುಂಡಗಿವೆ. ರುಜು ಹಾಕಿದ. ನಾನೂ ಹಾಕಿದೆ. ಕೈ ಕೊಟ್ಟ. ಅಂಗೈ ತಣ್ಣಗಿತ್ತು, ಅವನದೋ ನನ್ನದೋ ಗೊತ್ತಾಗಲಿಲ್ಲ.

"ಇಲ್ಲಿ ಆಡ್ತಾ ಹನ್ನೆರಡು ವರ್ಷ ಆಯ್ತು," ಎಂದ. ಅಷ್ಟೇ.

ಅರವತ್ತನೆಯ ಸ್ಥಾನ. ಕಾರ್ಡ್ ಉಳಿಯಿತು.

ಅಕ್ಟೋಬರ್ 13, ಸೋಮವಾರ

ಅಕ್ಕ ಬೆಳಗ್ಗೆ ಚೀಲವನ್ನು ಕಾರಿಗೆ ಹಾಕಿ ಡಿಕ್ಕಿ ಮುಚ್ಚಿದಳು. ತನ್ನ ಸಣ್ಣ ಚೀಲ ಮಾತ್ರ ಕೈಯಲ್ಲಿಟ್ಟುಕೊಂಡಳು.

"ನಾನು ಬಸ್ಸಲ್ಲಿ ಹೋಗ್ತೀನಿ."

"ಯಾಕಕ್ಕ? ಒಂದೇ ದಾರಿ ಅಲ್ವಾ?"

"ಮಂಡಿ ಸರಿಯಿಲ್ಲ. ಮುಂದಿನ ವರ್ಷಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋ."

"ಮಂಡಿಗೆ ಡಾಕ್ಟರ್ ಹತ್ರ ತೋರಿಸೋಣ."

"ಮರಿ," ಎಂದಳು. ನಾನು ಚಿಕ್ಕವನಿದ್ದಾಗ ಹಾಗೆ ಕರೆಯುತ್ತಿದ್ದಳು. "ಮನೇಲಿ ಯಾರೂ ಇಲ್ದಾಗ ಆ ಲೋಟ ಇಟ್ಕೊಂಡು ಎರಡಡಿ ಅಳೆದು ಚೆಂಡಿಡು. ಗುರುತಿಟ್ಟು ಎತ್ತು. ವಾಪಸ್ ಇಡು. ಟೇಪ್ ಹಿಡಿದು ನೋಡು. ಹತ್ತು ಸಲ ಮಾಡು. ಆಮೇಲೆ ನಂಗೆ ಫೋನ್ ಮಾಡು."

ಬಸ್ ನಿಲ್ದಾಣದವರೆಗಾದರೂ ಬಿಡುತ್ತೇನೆ ಎಂದೆ. ನಡೆಯುವುದು ಮಂಡಿಗೆ ಒಳ್ಳೆಯದು ಎಂದಳು.

ಅಕ್ಟೋಬರ್ 20, ಸೋಮವಾರ

ಕಾರ್ಡ್ ಬಂತು. ಹೆಂಡತಿ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದಳು. ನೀರು ಕುಡಿಯಲು ಹೋದಾಗೆಲ್ಲ ಕಾಣುತ್ತದೆ. ಈಗ ನಲ್ಲಿ ನೀರನ್ನೇ ಕುಡಿಯುತ್ತೇನೆ.

"ರೀ, ಅಕ್ಕನ ಜೊತೆ ಜಗಳ ಆಡಿದ್ರಾ? ಫೋನೇ ಇಲ್ಲ."

"ಮಂಡಿ ನೋವಂತೆ."

"ಮಂಡಿ ನೋವಿದ್ರೆ ಬಾಯಿಗೇನಾಗಿದೆ ಅವರಿಗೆ?"

ಅಕ್ಟೋಬರ್ 27, ಸೋಮವಾರ

ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಅಪ್ಪನ ಗುಂಡಿ. ಪತ್ರವಿಲ್ಲ.

ಹೆಂಡತಿ ಕೆಲಸಕ್ಕೆ ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿದೆ. ಕಿಟಕಿಯ ಪರದೆಯನ್ನೂ ಎಳೆದೆ. ಯಾಕೆ ಎಳೆದೆನೋ ತಿಳಿಯದು, ನಾನು ಮಾಡುತ್ತಿದ್ದದ್ದು ಅಭ್ಯಾಸ. ಕಾರ್ಪೆಟ್ ಮೇಲೆ ಲೋಟ ಮಲಗಿಸಿದೆ. ಹೊಲಿಗೆ ಡಬ್ಬಿಯಿಂದ ಟೇಪ್ ತಂದು ಇಪ್ಪತ್ನಾಲ್ಕು ಇಂಚಿಗೆ ಚೆಂಡಿಟ್ಟೆ. ಗುಂಡಿ ಇಟ್ಟು, ಎತ್ತಿ, ಒರೆಸಿ, ವಾಪಸ್ ಇಟ್ಟೆ. ಅಳೆದೆ.

ಇಪ್ಪತ್ತಮೂರು ಕಾಲು.

ಕಾರ್ಪೆಟ್ ಜಾರಿರಬೇಕು ಎಂದುಕೊಂಡೆ. ಮತ್ತೆ ಇಪ್ಪತ್ನಾಲ್ಕಕ್ಕೆ ಇಟ್ಟು ಶುರು ಮಾಡಿದೆ. ಇಪ್ಪತ್ತಮೂರು. ಇಪ್ಪತ್ತಮೂರು ಕಾಲು. ಇಪ್ಪತ್ತೆರಡು ಮುಕ್ಕಾಲು. ಐದನೆಯ ಸಲದಿಂದ ಗಮನವಿಟ್ಟು ಮಾಡಿದೆ, ಅಕ್ಕ ಇಟ್ಟ ಹಾಗೆ, ತಾಗಿಯೂ ತಾಗದ ಹಾಗೆ. ಇಪ್ಪತ್ತಮೂರೂವರೆ. ಇಪ್ಪತ್ತಮೂರು. ಎಂಟನೆಯ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡೆ. ನಡುಗುತ್ತಲೇ ಇರಲಿಲ್ಲ ಅದು. ಕಲ್ಲಿನ ಹಾಗೆ ಶಾಂತವಾಗಿತ್ತು. ಇಡುವ ಕೊನೆಯ ಗಳಿಗೆಯಲ್ಲಿ ಬೆರಳುಗಳು ತಾವಾಗಿ ಮುಂದೆ ಹೋದವು. ನಾನು ನೋಡುತ್ತಿದ್ದೆ. ನಿಲ್ಲಿಸಲು ಆಗಲಿಲ್ಲ. ಇಪ್ಪತ್ತಮೂರು ಕಾಲು.

ಹತ್ತರಲ್ಲಿ ಒಂದೂ ಇಪ್ಪತ್ನಾಲ್ಕು ಬರಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ.

ಕಾರ್ಪೆಟ್ ಮೇಲೆ ಕೂತೇ ಅಕ್ಕನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಅಳೆದ್ಯಾ?"

"ಅಳೆದೆ."

"ಎಷ್ಟು?"

"ಇಪ್ಪತ್ನಾಲ್ಕು."

"ಹತ್ತು ಸಲಾನೂ?"

"ಹತ್ತು ಸಲಾನೂ."

ಅವಳ ಕಡೆ ಪ್ರೆಶರ್ ಕುಕ್ಕರ್ ಕೂಗಿತು. ಅವಳು ಒಲೆ ಆರಿಸಿದ್ದು ಕೇಳಿಸಿತು. ಕುರ್ಚಿ ಎಳೆದುಕೊಂಡು ಕೂತದ್ದೂ ಕೇಳಿಸಿತು.

"ಒಂದ್ಸಲಾನಾದ್ರೂ ಇಪ್ಪತ್ನಾಲ್ಕೂಕಾಲು ಬರ್ಲಿಲ್ವೇನೋ, ಮರಿ?"

ಟೇಪ್ ನನ್ನ ಕೈಯಲ್ಲೇ ಇತ್ತು. ಸರಿಯಾಗಿ ಇಡಬೇಕೆಂದು ಇಡುವ ಕೈ ಒಮ್ಮೆ ಆಚೆ ಹೋಗುತ್ತದೆ, ಒಮ್ಮೆ ಈಚೆ ಬರುತ್ತದೆ. ಹದಿನಾಲ್ಕು ವರ್ಷ ಇದೇ ಕೆಲಸ ಮಾಡಿದವನಿಗೆ ಅದು ಹೊಳೆಯಲಿಲ್ಲ.

ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಟೇಪನ್ನು ಬಿಡಿಸಿ ಲೋಟದ ಬಾಯಿಗೆ ಹಿಡಿದೆ.

"ಇಪ್ಪತ್ತಮೂರು ಕಾಲು," ಎಂದೆ. "ಎರಡನೇದು ಇಪ್ಪತ್ತಮೂರು."

"ಹ್ಞೂಂ," ಎಂದಳು ಅಕ್ಕ. "ಮೂರನೇದು?"